ಫೇಸ್ ಕ್ರೀಮಲ್ಲಿ ಮಗುವಿನ ಚರ್ಮ ಇರುತ್ತಾ? ಸತ್ಯಾಂಶ

"ಸುನ್ನತಿ ಮಾಡಿ ತೆಗೆದ ಮಕ್ಕಳ ಮುಂದೊಗಲನ್ನ ಅರೆದು ಎಲ್ಲಾ ಫೇಸ್ ಕ್ರೀಮಿಗೂ ಹಾಕ್ತಾರೆ" ಅಂತ ಒಂದು ಫಾರ್ವರ್ಡ್ ಸುತ್ತಾಡ್ತಿದೆ. ಪೂರ್ತಿ ಸುಳ್ಳು ಅಂತ ತಳ್ಳಿಹಾಕೋಕೂ ಆಗಲ್ಲ, ಅದೇ ತಲೆನೋವು.

ನವಜಾತ ಶಿಶುವಿನ ಮುಂದೊಗಲಲ್ಲಿರೋ ಜೀವಕೋಶಗಳು ಲ್ಯಾಬಲ್ಲಿ ಚೆನ್ನಾಗಿ ಬೆಳೀತವೆ, ಹಾಗಾಗಿ ತಾಯಿಯ ರಕ್ತ ಪರೀಕ್ಷೆ ಎಲ್ಲಾ ಮಾಡಿ, ಒಂದು ಚೂರಿಂದ ಕೋಶ ತೆಗೆದು ಬೆಳೆಸಿ ಫ್ರೀಜ್ ಮಾಡಿ ಇಟ್ಕೊಂಡ್ರೆ ಅದರಿಂದಲೇ ಸಾವಿರಾರು ತುಂಡು ಕೃತಕ ಚರ್ಮ ಮಾಡಬಹುದು, ಅಂದ್ರೆ ದಿನಾ ಬುಟ್ಟಿಗಟ್ಟಲೆ ಚರ್ಮ ಬೇಕಾಗೋದೇ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲಿ ಒಪ್ಪಿದ ಆಪ್ಲಿಗ್ರಾಫ್ ಅನ್ನೋ ಕೃತಕ ಚರ್ಮ ಹೀಗೇ ಆಗಿದ್ದು, ಜೊತೆಗೆ ದನದ ಕೊಲಾಜನ್ ಇರುತ್ತೆ. 75 ಮಿ.ಮೀ. ಅಗಲದ ತೆಳು ಬಿಲ್ಲೆ, ಗುಲಾಬಿ ಬಣ್ಣದ ಜೆಲ್ ಮೇಲೆ ಕೂತು ಬರುತ್ತೆ, ಡಾಕ್ಟ್ರು ಅದನ್ನ ತಿಂಗಳಾದ್ರೂ ಮಾಯದ ಕಾಲಿನ ಹುಣ್ಣಿನ ಮೇಲೆ ಹೊದಿಸ್ತಾರೆ. 2000ದಲ್ಲಿ ಶುಗರ್ ಇರೋರ ಪಾದದ ಹುಣ್ಣಿಗೂ ಅನುಮತಿ ಸಿಕ್ತು. (ಫಾರ್ವರ್ಡಲ್ಲಿ ಇದರ ಸುದ್ದಿನೇ ಇಲ್ಲ ನೋಡಿ.)

ಇನ್ನು ಕ್ರೀಮ್. ಸ್ಕಿನ್‌ಮೆಡಿಕಾ ಟಿಎನ್‌ಎಸ್ ಥರದ ಕೆಲವು ದುಬಾರಿ ಸೀರಮ್‌ಗಳಲ್ಲಿ ಇಂಥ ಕೋಶಗಳನ್ನ ಬೆಳೆಸಿದ ದ್ರವ ಬಳಸಿದ್ದುಂಟು, ಆದ್ರೆ ಚರ್ಮ ಅರೆದು ಹಾಕಿದ್ದಲ್ಲ. ಯುರೋಪಿಯನ್ ಒಕ್ಕೂಟದಲ್ಲಂತೂ ಮನುಷ್ಯ ಮೂಲದ ಕೋಶ, ಅಂಗಾಂಶ ಕಾಸ್ಮೆಟಿಕ್ಸಿಗೆ ಹಾಕೋದೇ ನಿಷೇಧ. ಮಾಮೂಲಿ ಕ್ರೀಮಲ್ಲಿ ನೀರು, ಎಣ್ಣೆ, ಗ್ಲಿಸರಿನ್ ಅಷ್ಟೇ ಜಾಸ್ತಿ. ಡೌಟಿದ್ರೆ ಲೇಬಲ್ ನೋಡಿ, "ಹ್ಯೂಮನ್ ಫೈಬ್ರೋಬ್ಲಾಸ್ಟ್ ಕಂಡೀಷನ್ಡ್ ಮೀಡಿಯಾ" (ಮನುಷ್ಯರ ಚರ್ಮದ ಕೋಶ ಬೆಳೆಸಿದ ದ್ರವ) ಅಂತಿದ್ರೆ ಮೂಲ ಯಾವುದು ಅಂತ ಕಂಪನಿನೇ ಕೇಳಿ.