ಪ್ರಾಣಿಗಳು ಹಸಿವಿಗೆ ಮಾತ್ರ ಕೊಲ್ಲುತ್ತವಾ? ಒಂದು ಸ್ಪಷ್ಟನೆ

‘ಪ್ರಾಣಿಗಳು ಹಸಿದಾಗ ಮಾತ್ರ ಕೊಲ್ಲುತ್ತವೆ, ತನ್ನವರನ್ನೇ ಕೊಲ್ಲುವುದು ಮನುಷ್ಯ ಒಬ್ಬನೇ’ ಎಂಬ ಮೆಸೇಜ್ ಹರಿದಾಡುತ್ತಿದೆ. ಇದು ನಿಜವಲ್ಲ.

ಟಾಂಜಾನಿಯಾದ ಗೊಂಬೆ (Gombe) ಎಂಬ ಕಾಡಿನಲ್ಲಿ 1974ರಿಂದ 1978ರವರೆಗೆ ಒಂದು ಚಿಂಪಾಂಜಿ ಗುಂಪು, ತನ್ನಿಂದಲೇ ಒಡೆದು ಹೋದ ಗುಂಪಿನ ಗಂಡುಗಳನ್ನು ಒಂದೊಂದಾಗಿ ಮುಗಿಸಿತು. ಒಂಟಿಯಾಗಿ ಸಿಕ್ಕಿದ್ದನ್ನು ನೆಲಕ್ಕೆ ಒತ್ತಿ ಹಿಡಿದು, ಸೇರಿಕೊಂಡು ಕಚ್ಚಿ, ಗುದ್ದುತ್ತಿದ್ದವು. ಹೊಟ್ಟೆಗಾಗಿ ಅಲ್ಲ. ಇದನ್ನು ದಾಖಲಿಸಿದ್ದು ಚಿಂಪಾಂಜಿಗಳ ಅಧ್ಯಯನ ಮಾಡಿದ ವಿಜ್ಞಾನಿ ಜೇನ್ ಗುಡಾಲ್ ಅವರ ತಂಡ. ಸಿಂಹಗಳಲ್ಲೂ ಗುಂಪಿಗೆ ಹೊಸ ಗಂಡು ಬಂದರೆ ಹಳೆಯದರ ಮರಿಗಳನ್ನು ಎಷ್ಟೋ ಸಲ ಕೊಂದುಹಾಕುತ್ತದೆ. ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತದೆ, ಅಷ್ಟೇ ಲೆಕ್ಕ.

ಹಾಗಂತ ಅವು ದುಷ್ಟ ಅಂತಲೂ ಅಲ್ಲ. ಮಾಡಿದ್ದು ಸರಿಯೇ ಎಂದು ನಾವು ಕೇಳಬಹುದಾದದ್ದು ಮನುಷ್ಯರನ್ನು ತಾನೇ? ವ್ಯತ್ಯಾಸ ಇರುವುದು ಅಲ್ಲಿ.

ಮೆಸೇಜ್ ನಿಮಗೂ ಬಂದಿದ್ದರೆ ಸುಮ್ನೆ ಅಲ್ಲೇ ಬಿಡಿ, ದಯವಿಟ್ಟು ಫಾರ್ವರ್ಡ್ ಮಾಡಬೇಡಿ.