ಗಂಟಲಿಗೆ ನೈಸರ್ಗಿಕ ಬರೆ

ಕರ್ನಾಟಕದಲ್ಲಿ ಮುಖ್ಯಮಂತ್ರಿಯನ್ನು ಟೀಕಿಸಬಹುದು, ಹೈಕಮಾಂಡನ್ನು ಟೀಕಿಸಬಹುದು; ಕಷಾಯವನ್ನು ಮಾತ್ರ ಟೀಕಿಸುವಂತಿಲ್ಲ. 2020ರಲ್ಲಿ ಆಯುಷ್ ಸಚಿವಾಲಯವು ತುಳಸಿ, ದಾಲ್ಚಿನ್ನಿ, ಕರಿಮೆಣಸು, ಶುಂಠಿ, ಒಣದ್ರಾಕ್ಷಿಯ ಕಷಾಯವನ್ನು ದಿನಕ್ಕೆ ಒಂದೆರಡು ಬಾರಿ ಕುಡಿಯಿರಿ ಎಂದಿತು. ನಮ್ಮವರು ಅದನ್ನು ಗಂಟೆಗೆ ಒಂದೆರಡು ಬಾರಿ ಎಂದು ಓದಿಕೊಂಡರು. ಕೊರೊನಾ ಹೋಯಿತು, ಕಷಾಯ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಬಡ್ತಿಯನ್ನೂ ಪಡೆಯಿತು. ನೆಗಡಿಗೆಂದು ಕೆಲಸಕ್ಕೆ ಸೇರಿದ್ದು ಈಗ ಮಧುಮೇಹ, ಮಂಡಿನೋವುಗಳನ್ನು ದಾಟಿ ಕ್ಯಾನ್ಸರ್ ಖಾತೆಯನ್ನೂ ವಹಿಸಿಕೊಂಡಿದೆ. ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು ನಿಷೇಧಿಸುವ ಕಾಯ್ದೆಯೊಂದು 1954ರಿಂದಲೂ ಇದೆ. ಪಾಪ, ಅದಕ್ಕೆ ವಯಸ್ಸಾಗಿದೆ, ವಾಟ್ಸ್‌ಆ್ಯಪ್ ನೋಡಲು ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಅನ್ನನಾಳದ ಮಾತೆತ್ತುವುದೇ ಅಪಶಕುನ. ಆದರೂ ಎತ್ತುತ್ತೇನೆ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನು ಕ್ಯಾನ್ಸರ್ ತರುವ ಸಂಭವವಿರುವವುಗಳ ಪಟ್ಟಿಗೆ ಸೇರಿಸಿತು. ಅದೇ ಸಭೆ ಕಾಫಿಯನ್ನು ಸಾಕ್ಷ್ಯ ಸಾಲದೆಂದು ಬಿಟ್ಟು ಕಳಿಸಿತು. ಅಂದರೆ ಆರೋಪಿ ಸೊಪ್ಪೂ ಅಲ್ಲ, ಬೀಜವೂ ಅಲ್ಲ, ಬಿಸಿ. ಈ ಪಟ್ಟಿ ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ; ಯಾರೂ ಲೋಟ ಎಸೆಯಬೇಕಾಗಿಲ್ಲ, ಸ್ವಲ್ಪ ಕಾದರಾಯಿತು.

ಕಾಯುವುದು! ಎಂಥ ಪಾಶ್ಚಾತ್ಯ ಪಿತೂರಿ! ಇದರ ಹಿಂದೆ ಔಷಧ ಕಂಪನಿಗಳಿವೆ ಎಂದು ಬಲ್ಲವರು ತಕ್ಷಣ ಕಂಡುಹಿಡಿದರು. ಊದಿ ಆರಿಸುವುದಕ್ಕೆ ಪೇಟೆಂಟ್ ಪಡೆದ ಕಂಪನಿ ಯಾವುದೆಂದು ಮಾತ್ರ ಇನ್ನೂ ತಿಳಿದುಬಂದಿಲ್ಲ. ಪಿತೂರಿಗಾರರ ಶ್ರದ್ಧೆಯನ್ನಾದರೂ ಮೆಚ್ಚಬೇಕು. ಇರಾನಿನ ಗೊಲೆಸ್ತಾನ್ ಪ್ರಾಂತ್ಯದಲ್ಲಿ ಬೀಡಿ, ಸಿಗರೇಟು, ಮದ್ಯದ ಹಾವಳಿ ಕಡಿಮೆ, ಆದರೆ ಅನ್ನನಾಳದ ಕ್ಯಾನ್ಸರ್ ವಿಪರೀತ. ಸಂಶೋಧಕರು ಅಲ್ಲಿ 48,582 ಜನರ ಚಹಾದ ಶಾಖವನ್ನು ಥರ್ಮಾಮೀಟರ್ ಅದ್ದಿ ಅಳೆದರು. ಬಗ್ಗಿಸಿದ ನಾಲ್ಕು ನಿಮಿಷಕ್ಕೋ ಆಮೇಲೋ ಕುಡಿಯುವವರಿಗೆ ಹೋಲಿಸಿದರೆ, ಎರಡು ನಿಮಿಷದೊಳಗೇ ಕುಡಿಯುವವರಿಗೆ ಅಪಾಯ ಸುಮಾರು ಐದು ಪಟ್ಟು ಹೆಚ್ಚೆಂದು 2009ರಲ್ಲಿ ಪ್ರಕಟವಾಯಿತು. ಉರುಗ್ವೆಯವರು ಫ್ಲಾಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡೇ ಬೀದಿಯಲ್ಲಿ ಓಡಾಡುತ್ತಾರೆ. ಮಾಟೆ ಸೊಪ್ಪಿನ ಬಿಸಿ ಕಷಾಯವನ್ನು ಲೋಹದ ಕೊಳವೆಯಲ್ಲಿ ನೇರ ಗಂಟಲಿಗೆ ಎಳೆಯುತ್ತಾರೆ. ಅಲ್ಲೂ ಅನ್ನನಾಳದ್ದೇ ಗೋಳು.

‘ಅದು ಅವರ ಸೊಪ್ಪು, ನಮ್ಮದು ನೈಸರ್ಗಿಕ’ ಎನ್ನುವವರಿಗೆ ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪವನ್ನು ತೋರಿಸಬೇಕು. ಅಲ್ಲಿಯವರು ವೆಲೆನ್ಸಾಲಿ ಎಂಬ, ನಮ್ಮ ಹರಳಿನ ಕುಟುಂಬಕ್ಕೇ ಸೇರಿದ ಕಾಡುಗಿಡದ ಎಲೆಯ ಚಹಾ ಕುಡಿಯುತ್ತಿದ್ದರು. ಅನ್ನನಾಳದ ಕ್ಯಾನ್ಸರ್ ಅಲ್ಲಿ ಅತಿಯಾಗಿದ್ದುದನ್ನು ನೋಡಿ ಆ ಗಿಡವನ್ನು ಪರೀಕ್ಷಿಸಿದರೆ, ಗಡ್ಡೆ ಬೆಳೆಯಲು ಕುಮ್ಮಕ್ಕು ಕೊಡುವ ರಾಸಾಯನಿಕಗಳು 1970ರ ದಶಕದಲ್ಲಿ ಸಿಕ್ಕವು. ಕಾರ್ಖಾನೆಯಿಲ್ಲ, ಕೃತಕ ಬಣ್ಣವಿಲ್ಲ, ಕಲಬೆರಕೆಯಿಲ್ಲ. ಶುದ್ಧ ನೈಸರ್ಗಿಕ.

ನನಗೆ ಕೋಪ ಬರುವುದು ಕಷಾಯದ ಮೇಲಲ್ಲ, ನಮ್ಮ ಪರಂಪರಾಭಿಮಾನದ ಆಯ್ಕೆಯ ಮೇಲೆ. ಹಿಂದಿನವರು ಲೋಟದ ಜೊತೆಗೆ ಬಟ್ಟಲನ್ನೂ ಕೊಡುತ್ತಿದ್ದರು. ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಎತ್ತಿ ಹೊಯ್ದು, ನೊರೆ ಬರಿಸಿ, ಆರಿಸಿ ಕುಡಿಯುವುದಕ್ಕೆ. ಶುಂಠಿ, ಮೆಣಸು, ತುಳಸಿಯ ಹಿರಿಮೆಯನ್ನೆಲ್ಲ ಉಳಿಸಿಕೊಂಡ ನಾವು ಆ ಬಟ್ಟಲನ್ನು ಹಳೇ ಪಾತ್ರೆಯವನಿಗೆ ಹಾಕಿ, ಹನ್ನೆರಡು ಗಂಟೆ ಬಿಸಿ ಆರದ ಫ್ಲಾಸ್ಕ್ ತಂದೆವು. ಈಗ ಅದರಿಂದ ಬಗ್ಗಿಸಿದ ಕಷಾಯವನ್ನು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿ, ‘ಆಹಾ, ಕಫ ಕಿತ್ತು ಬಂತು’ ಎನ್ನುತ್ತೇವೆ. ಕಿತ್ತು ಬಂದದ್ದು ಕಫವೋ ಗಂಟಲಿನ ಪೊರೆಯೋ ಎಂದು ಯಾರೂ ನೋಡಲು ಹೋಗುವುದಿಲ್ಲ.

ಈ ಸಂಗತಿಗಳನ್ನೆಲ್ಲ ನಮ್ಮ ಬಡಾವಣೆಯ ನಿವೃತ್ತ ರಾಯರೊಬ್ಬರಿಗೆ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, ‘ಈ 65 ಡಿಗ್ರಿ ಅಂದಿರಲ್ಲ, ಅದು ಸ್ಟೀಲ್ ಲೋಟದಲ್ಲೋ ತಾಮ್ರದ ಲೋಟದಲ್ಲೋ?’ ಎಂದರು. ಮರುದಿನ ಬೆಳಿಗ್ಗೆ ಬಡಾವಣೆಯ ಗುಂಪಿಗೆ ಸಂದೇಶ ಬಂತು: ‘ತಾಮ್ರದ ಲೋಟದಲ್ಲಿ ಎಷ್ಟೇ ಬಿಸಿ ಕಷಾಯ ಕುಡಿದರೂ ಅನ್ನನಾಳಕ್ಕೆ ಅಪಾಯವಿಲ್ಲ, ವಿಜ್ಞಾನಿಗಳೇ ಒಪ್ಪಿದ್ದಾರೆ. ಹತ್ತು ಜನರಿಗೆ ಕಳಿಸಿ.’ ಕೆಳಗೆ ಲೋಟದ ಬೆಲೆಯೂ ಇತ್ತು.