ಕಾರ್ಗೋ ಪೈಲಟ್‌ಗೆ ಬೇರೆ ಲೈಸೆನ್ಸ್ ಇಲ್ಲ: ಒಂದು ಸ್ಪಷ್ಟನೆ

ಕಾರವಾರ, ಶಿರಸಿ ಕಡೆಯ ಪಿಯುಸಿ ಮಕ್ಕಳ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಕಾರ್ಗೋ ಪೈಲಟ್‌ಗೆ ಬೇರೆ ಲೈಸೆನ್ಸ್, ಮೆಡಿಕಲ್ ಸುಲಭ, ಖರ್ಚೂ ಕಮ್ಮಿ.' ಇದು ತಪ್ಪು.

ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಕೊಡುವ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪ್ರಯಾಣಿಕರ ವಿಮಾನ, ಸರಕಿನ (ಕಾರ್ಗೋ) ವಿಮಾನ ಎರಡಕ್ಕೂ ಒಂದೇ. ವಯಸ್ಸು 18 ತುಂಬಿರಬೇಕು, 200 ಗಂಟೆ ಹಾರಿರಬೇಕು, ಕ್ಲಾಸ್ 1 ಮೆಡಿಕಲ್ ಎಂಬ ಆರೋಗ್ಯ ಪರೀಕ್ಷೆ ಪಾಸಾಗಬೇಕು. ಹಿಂದೆ ಇರುವುದು ಜನವೋ ಪಾರ್ಸಲ್ಲೋ ಎಂದು ಡಾಕ್ಟರು ಕೇಳುವುದಿಲ್ಲ! ವಿಮಾನವೂ ಹಾಗೆಯೇ. ಎಷ್ಟೋ ಬೋಯಿಂಗ್ 737 ಕಾರ್ಗೋ ವಿಮಾನಗಳು ಮೊದಲು ಪ್ರಯಾಣಿಕರನ್ನೇ ಹೊತ್ತವು. ಆಮೇಲೆ ಸೀಟು ಕಿತ್ತು, ಪಕ್ಕಕ್ಕೆ ದೊಡ್ಡ ಬಾಗಿಲು ಕೂರಿಸಿದ್ದಾರೆ.

ವ್ಯತ್ಯಾಸ ಇರುವುದು ದಿನಚರಿಯಲ್ಲಿ. ಕೊರಿಯರ್ ವಿಮಾನಗಳು ಜಾಸ್ತಿ ಹಾರುವುದು ರಾತ್ರಿ. ಸಂಜೆ ಕೊಟ್ಟ ಪಾರ್ಸಲ್ ಬೆಳಗ್ಗೆ ಇನ್ನೊಂದು ಊರಲ್ಲಿ ಇರಬೇಕಲ್ವಾ? ಪ್ರಯಾಣಿಕರ ಗಲಾಟೆ ಇಲ್ಲ ನಿಜ. ಆದರೆ ತೂಕ ಎಲ್ಲಿ ಕೂತಿದೆ, ಸರಕು ಸರಿಯಾಗಿ ಬಿಗಿದಿದ್ದಾರಾ ಎಂಬ ಚಿಂತೆ ಇದೆ.

ಇನ್ನೊಂದು ಮಾತು. ನಮ್ಮಲ್ಲಿ ಬ್ಲೂ ಡಾರ್ಟ್‌ನಂತೆ ಬರೀ ಸರಕು ಹೊರುವ ಕಂಪನಿಗಳು ಬೆರಳೆಣಿಕೆಯಷ್ಟು. ಹೊಸಬರಿಗೆ ಕೆಲಸ ಜಾಸ್ತಿ ಇರುವುದು ಪ್ರಯಾಣಿಕ ವಿಮಾನಗಳಲ್ಲೇ. 'ಕಾರ್ಗೋ ಕೋರ್ಸ್' ಎಂದು ಯಾರಾದರೂ ಮುಂಗಡ ಕೇಳಿದರೆ ಸುಮ್ನೆ ಕೊಡಬೇಡಿ. ಮೊದಲು ಮೆಡಿಕಲ್ ಮಾಡಿಸಿಕೊಳ್ಳಿ.